ಕೊಕ್ಕರೆ ತರಿಸಿದ ಬಸ್ಸು

ಪಿಳ್ಳಮ್ಮನ ಕುತ್ತಿಗೆಗೂ ಪಕ್ಷಿಧಾಮಕ್ಕೂ ಏನು ಸಂಬಂಧ ಎಂದು ನಗುವವರು ನಮ್ಮೂರಿನವರಲ್ಲ. ಸಿಂಗಸಂದ್ರದಿಂದ ಮೂಡಲಿಗೆ, ಕೆರೆಯ ಪಕ್ಕದಲ್ಲಿ ನಮ್ಮೂರು. ಕನಕಾಂಬರ ಬಿಡಿಸಿ, ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೊಸೂರು ರಸ್ತೆಯವರೆಗೆ ನಡೆದು, ಬಸ್ಸು ಹಿಡಿದು ಸಿಟಿ ಮಾರ್ಕೆಟ್ಟಿಗೆ ಹೋಗುವುದು ಗಂಡ ಸತ್ತಂದಿನಿಂದ ಅವಳ ಬಾಳು. ಹೊತ್ತು ಹೊತ್ತು ಕುತ್ತಿಗೆಯ ಮೂಳೆ ಸವೆಯಿತು. ಇನ್ನು ಹೊರೆ ಹೊತ್ತರೆ ಕೈಗಳೆರಡೂ ಮರಗಟ್ಟುತ್ತವೆ ಎಂದರು ಡಾಕ್ಟರು. ಊರಿಗೆ ಬಸ್ಸು ಬಂದರೆ ಹೂವಿನ ಬಾಳು, ಬಾರದಿದ್ದರೆ ತಮ್ಮನ ಹೆಂಡತಿಯ ಹಂಗಿನ ತುತ್ತು.

ಬಸ್ಸು ಬೇಕೆಂದು ನಾವು ಕೊಟ್ಟ ಅರ್ಜಿಗಳನ್ನು ಹಾಸಿದ್ದರೆ ಅದರ ಮೇಲೆಯೇ ಬಸ್ಸು ಓಡಿಸಬಹುದಿತ್ತು. ರಸ್ತೆ ಕಿರಿದು, ಹತ್ತುವ ಜನ ಸಾಲದು ಎಂದು ಪ್ರತಿ ಸಲವೂ ಅದೇ ಉತ್ತರ.

ಎಂಬತ್ತನೇ ಇಸವಿಯ ಆಚೀಚೆ, ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೊರಟಿದ್ದ ಸರ್ಕಾರದ ದೊಡ್ಡ ಸಾಹೇಬರೊಬ್ಬರು ದಾರಿ ತಪ್ಪಿ ನಮ್ಮ ಕೆರೆ ಏರಿಗೆ ಬಂದರು. ಕೆರೆಯ ನಡುಗಡ್ಡೆಯ ಜಾಲಿ ಮರಗಳ ತುಂಬಾ ಕೊಕ್ಕರೆ ಗೂಡುಗಳು. ಅವು ನಮ್ಮ ತಾತನ ಕಾಲದಿಂದಲೂ ಅಲ್ಲೇ ಇದ್ದವು. ಆದರೆ ಸಾಹೇಬರು ಕಂಡ ಮೇಲೆಯೇ ಇದ್ದಂತೆ ಲೆಕ್ಕ. ನಡುಗಡ್ಡೆ ಪಕ್ಷಿಧಾಮವಾಯಿತು. ಮನುಷ್ಯರಿಗೆ ಕಿರಿದಾಗಿದ್ದ ರಸ್ತೆ ಹಕ್ಕಿ ನೋಡುವವರಿಗೆ ತಾನಾಗಿಯೇ ಅಗಲವಾಯಿತು.

ಶಾಲೆಯಲ್ಲಿ ಸಭೆ ಸೇರಿಸಿ ಸಾಹೇಬರು ಯೋಜನೆ ಬಿಡಿಸಿ ಹೇಳಿದರು. ಹಕ್ಕಿ ನೋಡುವವರನ್ನು ಪಟ್ಟಣದಿಂದ ತರುವ ಬೆಳಗಿನ ಬಸ್ಸು ಕೆರೆಯ ಏರಿಯನ್ನು ಹತ್ತಿ ನಡುಗಡ್ಡೆಯ ಎದುರಿಗೇ ನಿಲ್ಲಬೇಕು. ಅಲ್ಲಿಂದ ದೋಣಿ. ಹಕ್ಕಿಗಳ ಹೆಸರು ಹೇಳಲು ಒಂದು ಮೈಕು. ಹಕ್ಕಿಗಳು ಏನು ಮಾಡಬೇಕು ಎನ್ನುವುದನ್ನು ಮಾತ್ರ ಮುಂದಿನ ಸಭೆಗೆ ಬಿಟ್ಟಿದ್ದರು.

ನಮ್ಮೂರಲ್ಲೊಂದು ಕಟ್ಟಳೆ ಇದೆ. ಕೊಕ್ಕರೆ ಮರಿ ಮಾಡಿದಾಗ ಏರಿಯ ಸುತ್ತ ತಮಟೆ ಬಡಿಯುವಂತಿಲ್ಲ. ಮದುವೆಯ ದಿಬ್ಬಣವಾಗಲಿ, ಹೆಣವಾಗಲಿ, ಅಲ್ಲಿ ಮೂಕವಾಗಿಯೇ ದಾಟಬೇಕು. ಪಿಳ್ಳಮ್ಮ ಎದ್ದು ನಿಂತು ಇದನ್ನು ಹೇಳಿ, ಬಸ್ಸನ್ನು ಏರಿಯ ಕೆಳಗೆ ಅರಳಿಕಟ್ಟೆಯ ಹತ್ತಿರವೇ ನಿಲ್ಲಿಸಿ ಎಂದಳು. ಪಟ್ಟಣದವರು ಅಷ್ಟು ದೂರ ನಡೆಯುವುದಿಲ್ಲ ಎಂದರು ಸಾಹೇಬರು. ಅಷ್ಟು ದೂರವೆಂದರೆ ಒಂದು ಬೀಡಿ ಸೇದಿ ಮುಗಿಸುವಷ್ಟು. ಪಂಚಾಯ್ತಿ ಛೇರ್ಮನ್ ರಾಮಾಂಜಿನಪ್ಪ, ಸಾಹೇಬರ ತಲೆ ಆಡಿದ ಕಡೆಗೆ ತನ್ನ ತಲೆಯನ್ನೂ ಆಡಿಸಿ ಅವಳನ್ನು ಕೂರಿಸಿದ.

ಬಸ್ಸು ಬರುವ ದಿನ ಬಂತು. ಊರು ಹುಟ್ಟಿದಾಗಿನಿಂದ ಮೊದಲ ಬಸ್ಸು. ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದುಂಟೇ? ಗೂಡುಗಳಲ್ಲಿ ಮರಿಗಳಿದ್ದರೂ ಕಟ್ಟಳೆ ಮಾಡಿದ ಊರೇ ಕಟ್ಟಳೆ ಮರೆಯಿತು. ಆರತಿ, ಬೂದುಗುಂಬಳ, ಪಟಾಕಿ ಸರ, ಸಾಲದ್ದಕ್ಕೆ ಪಕ್ಕದೂರಿನ ತಮಟೆ. ಏರಿಯ ಮೇಲೆ ಸಾಹೇಬರು ಕತ್ತರಿ ಹಿಡಿದು ಟೇಪಿನ ಮುಂದೆ ನಿಂತಿದ್ದರು. ಬಸ್ಸು ಅರಳಿಕಟ್ಟೆಗೆ ಬಂದು, ಏರಿ ಹತ್ತಲು ಗೇರು ಬದಲಿಸಿತು. ಪಿಳ್ಳಮ್ಮ ದಾರಿಗೆ ಅಡ್ಡಲಾಗಿ ಮಂಕರಿ ಇಟ್ಟು, ಅದರ ಪಕ್ಕದಲ್ಲಿ ಕುಳಿತುಬಿಟ್ಟಳು.

ತಮಟೆ ನಿಂತಿತು.

"ಏಳಮ್ಮಿ, ಮನೆ ಬಾಗ್ಲಿಗೆ ಬಂದಿರೋ ಲಕ್ಷ್ಮೀನ ಒದೀತೀಯಾ?" ಎಂದ ರಾಮಾಂಜಿನಪ್ಪ. "ಸಾಯೇಬ್ರು ಮುನಿಸ್ಕೊಂಡ್ರೆ ಬಸ್ಸು ಇಂದಕ್ಕೆ ಓಯ್ತದೆ."

"ಕೊಕ್ಕರೆ ಮುನಿಸ್ಕೊಂಡ್ರೂ ಓಯ್ತದೆ ಕಣಣ್ಣ. ಬಸ್ಸು ಬಂದಿರೋದು ನಿನ್ ಮೀಸೆ ನೋಡೋಕಲ್ಲ. ಬಾಣ್ತಿ ಮಂಚದ ತಾವ ತಮಟೆ ಬಡ್ಸೋ ಗಂಡ್ಸು ಊರಲ್ಲಿ ನೀನೊಬ್ನೇ."

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಗಂಡಸರು ಬೈದರು. ಪಿಳ್ಳಮ್ಮ ಮಂಕರಿಯ ಅಂಚು ಹಿಡಿದು ಕುಳಿತೇ ಇದ್ದಳು. ಬಸ್ಸು ತಿರುಗಿ ಹೋದರೆ ಎಲ್ಲರಿಗಿಂತ ಮೊದಲು ಮುಳುಗುವವಳು ಅವಳೇ.

ಅಷ್ಟರಲ್ಲಿ ಡ್ರೈವರು ಇಳಿದು, ಏರಿಯ ಅಗಲವನ್ನೂ ಕೆಳಗಿನ ನೀರನ್ನೂ ನೋಡಿದ. ಹತ್ತಿಸುವುದು ಹತ್ತಿಸಬಹುದು, ಮೇಲೆ ತಿರುಗಿಸುವುದು ಎಲ್ಲಿ ಎಂದು ಸಾಹೇಬರನ್ನೇ ಕೇಳಿದ. ಸಾಹೇಬರು ಕತ್ತರಿಯನ್ನು ಒಂದೆರಡು ಸಲ ಗಾಳಿಯಲ್ಲಿ ಆಡಿಸಿದರು. ಆಮೇಲೆ, ಮುಂಜಾನೆಯ ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ತಾವು ಮೊದಲಿನಿಂದಲೂ ಹೇಳುತ್ತಿದ್ದುದಾಗಿ ಸಾರಿ, ಟೇಪನ್ನು ಅರಳಿಕಟ್ಟೆಗೆ ತರಿಸಿ ಕತ್ತರಿಸಿದರು. ಛೇರ್ಮನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಮರುದಿನ ಬೆಳಗಿನ ಬಸ್ಸಿನಿಂದ ಕ್ಯಾಮೆರಾ ನೇತುಹಾಕಿಕೊಂಡ ಇಬ್ಬರು ಇಳಿದರು. ಖಾಲಿ ಬಸ್ಸು ಪಟ್ಟಣಕ್ಕೆ ತಿರುಗಿ ನಿಂತಾಗ ಪಿಳ್ಳಮ್ಮ ಮಂಕರಿ ಏರಿಸಿದಳು. ಇದು ಪಕ್ಷಿ ನೋಡುವವರಿಗೆಂದೇ ಬಿಟ್ಟ ಬಸ್ಸು, ನೀನು ಪಕ್ಷಿ ನೋಡಿದ್ದೀಯಾ ಎಂದು ಕಂಡಕ್ಟರು ತಡೆದ.

"ಉಟ್ಟಿದಾಗ್ಲಿಂದ ನೋಡ್ತಾನೇ ಇವ್ನಿ ಸಾ. ನೋಡಿ ಮುಗೀತು, ಈಗ ವಾಪಸ್ ಒಂಟಿವ್ನಿ. ಮಾರ್ಕೆಟ್ಟಿಗೆ ಒಂದ್ ಟಿಕೀಟ್ ಅರೀರಿ."

ಕಂಡಕ್ಟರು ತಲೆ ಕೆರೆದುಕೊಂಡ. ಅವಳಿಗೊಂದು ಟಿಕೆಟ್ ಹರಿದ. ಮಂಕರಿಗೂ ಒಂದು ಹರಿದ.