ಅಕ್ಕ ತುಂಬಿಟ್ಟ ಒಣಖಂಡ

ನಾನು ಚಿಕ್ಕವನಿದ್ದಾಗ ನಮ್ಮ ಅಂಗಳದಲ್ಲಿ ಬಟ್ಟೆಯ ಹಗ್ಗ ಬೇರೆ, ಖಂಡದ ಹಗ್ಗ ಬೇರೆ. ಖಂಡ ಅಂದರೆ ಮಾಂಸ, ಮಕ್ಕಳೇ. ಬೇಸಿಗೆ ಮುಗಿಯುವ ಮುಂಚೆ ಕೆಲವು ಮನೆಯವರು ಸೇರಿ ಕುರಿ ಕಡಿದು ಪಾಲು ಹಾಕಿಕೊಳ್ಳುತ್ತಿದ್ದರು. ನಮ್ಮ ಪಾಲನ್ನು ಅವ್ವ ಉದ್ದುದ್ದ ಸೀಳಿ, ಉಪ್ಪು, ಅರಿಸಿನ, ಬೆಳ್ಳುಳ್ಳಿ, ಕೆಂಪು ಖಾರ ಸವರಿ ಹಗ್ಗಕ್ಕೆ ಹಾಕುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಬಿಸಿಲಿಗೆ ಆ ವಾಸನೆ ಎದ್ದಾಗ ನಾನೂ ಕಾಗೆಯಾಗಿ ಹುಟ್ಟಬಾರದಿತ್ತೇ ಅನ್ನಿಸುತ್ತಿತ್ತು.

ಈಗ ಕಾರ್ಖಾನೆಗಳು ತುಂಬಿರುವ ನಮ್ಮೂರು ತಾರಿಹಾಳದ ಸುತ್ತ ಆಗ ಬರೀ ಎರೆ ಹೊಲ. ಮಳೆ ಹಿಡಿಯಿತೆಂದರೆ ಕೆಸರಿನಿಂದ ಕಾಲು ಕೀಳುವುದೇ ಕಷ್ಟ, ಪೇಟೆಗೆ ಹೋಗುವ ಮಾತೆಲ್ಲಿ? ಒಣಗಿಸಿಟ್ಟ ಖಂಡವೇ ಮಳೆಗಾಲಕ್ಕೆ ನಮ್ಮ ಬಾಯಿರುಚಿ. ಅದು ಕೆಟ್ಟರೆ ದಿನವೂ ಬೇಳೆ ಸಾರು.

ಆ ವರ್ಷ ಖಂಡ ಒಣಗುವ ಹೊತ್ತಿಗೆ ಅಜ್ಜಿಗೆ ಹುಷಾರಿಲ್ಲವೆಂದು ಅವ್ವ ತವರಿಗೆ ಹೋದಳು. ಹೋಗುವಾಗ ಅದನ್ನು ತುಂಬಿಡುವ ಕೆಲಸ ಅಕ್ಕನಿಗೆ ಒಪ್ಪಿಸಿದಳು. ಅಕ್ಕನಿಗೆ ಹನ್ನೆರಡು ವರ್ಷ. ಅವಳನ್ನೇ ನೆಚ್ಚಿ ಕೂರಲು ಅಪ್ಪನಿಗೆ ಧೈರ್ಯ ಸಾಲಲಿಲ್ಲ. ದುರ್ಗದಬೈಲಿನ ಪೇಟೆಗೆ ಹೋಗಿ ಬಿಗಿ ಮುಚ್ಚಳದ ತಗಡಿನ ಡಬ್ಬಿ ಕೊಂಡು ತಂದ.

ಒಂದು ಮಧ್ಯಾಹ್ನ ಪಡುವಣದಲ್ಲಿ ಮುಗಿಲು ಕಪ್ಪಾಯಿತು. ಮೂವರೂ ಖಂಡವನ್ನು ಬಾಚಿಕೊಂಡು ಒಳಗೆ ಓಡಿದೆವು.

“ಲಗೂ ಡಬ್ಬ್ಯಾಗ ಹಾಕವಾ! ಮುಚ್ಚಳಾ ಬಡಿದ್ರ ಇರಿವಿ ಸೈತ ಒಳಗ ಹೋಗಂಗಿಲ್ಲ,” ಎಂದ ಅಪ್ಪ.

“ಬ್ಯಾಡ ಯಪ್ಪಾ, ಇನ್ನೂ ಬಿಸಿ ಐತಿ. ಈಗ ಮುಚ್ಚಿದ್ರ ಒಳಗ ಬೆವರ್ತೈತಿ. ಆರಲಿ.”

“ನನಗ ಹೇಳಾಕ ಬಂದ್ಯಾ?” ಎಂದು ಗದರಿ ಅಪ್ಪ ಅರ್ಧ ಖಂಡವನ್ನು ತಾನೇ ಡಬ್ಬಿಗೆ ತುಂಬಿ ಮುಚ್ಚಳ ಬಡಿದ. ಅಕ್ಕನ ಕಣ್ಣು ತುಂಬಿತು. ಅವ್ವ ತನ್ನನ್ನು ನಂಬಿ ಹೋದದ್ದು ಅವಳಿಗೆ ದೊಡ್ಡದಾಗಿತ್ತು. ಆದರೂ ಕೈ ನಿಲ್ಲಿಸಲಿಲ್ಲ. ಉಳಿದರ್ಧವನ್ನು ಮೊರಕ್ಕೆ ಹರವಿದಳು. ತಣ್ಣಗಾದ ಮೇಲೆ ಒಂದೊಂದನ್ನೇ ಎತ್ತಿ ಮುರಿದು ನೋಡಿದಳು. ಪಟ್ಟನೆ ಮುರಿದರೆ ಮಳೆಗಾಲಕ್ಕೆ, ಬಾಗಿದರೆ ಇವತ್ತಿನ ಸಾರಿಗೆ. ಅವ್ವನ ಲೆಕ್ಕ ಅದು. ಹೊರಗೆ ಮಳೆ ಸುರಿಯುತ್ತಿತ್ತು, ಅಕ್ಕ ಆ ಸದ್ದಿನಲ್ಲೂ ಕಿವಿಗೊಟ್ಟು ಖಂಡದ ಸದ್ದು ಕೇಳುತ್ತಿದ್ದಳು. ದೊಡ್ಡ ದೊಡ್ಡ ಪಂಡಿತರಲ್ಲೂ ಅಂಥ ನಿಷ್ಠೆಯನ್ನು ನಾನು ಕಂಡಿಲ್ಲ.

ಸಂಜೆ ಅಪ್ಪ ಗತ್ತಿನಿಂದ ಡಬ್ಬಿ ತೆಗೆದ. ಮುಚ್ಚಳದ ಒಳಗೆಲ್ಲ ನೀರಿನ ಹನಿ. ಕೆಳಗೆ ಖಂಡ ಮೆತ್ತಗಾಗಿ ಮಲಗಿತ್ತು. ಅಪ್ಪ ಮುಚ್ಚಳವನ್ನು ನೋಡಿದ, ಅಕ್ಕನನ್ನು ನೋಡಿದ. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

“ನೀ ಹೇಳಿದ್ದ ಖರೇ ಐತಿ ನೋಡವಾ. ಈಗೇನ್ ಮಾಡ್ಲಿ, ಹೇಳು.”

“ಒಲಿ ಮುಂದ ಹರವು ಯಪ್ಪಾ. ಆಗಾಗ ತಿರುವಿ ಹಾಕು.”

ಊರಿನ ಪಂಚರ ಮಾತಿಗೂ ಜಗ್ಗದ ಅಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೆವರು ಒರೆಸಿಕೊಳ್ಳುತ್ತ ಖಂಡ ತಿರುವಿದ. ಅಕ್ಕ ಒಮ್ಮೆಯೂ ಚುಚ್ಚಿ ಮಾತಾಡಲಿಲ್ಲ. ಮರುದಿನ ಒಣ ಗಡಿಗೆಗೆ ಬೇವಿನೆಲೆಯ ಹೊಗೆ ಹಿಡಿದು, ಆರಿದ್ದನ್ನೆಲ್ಲ ತುಂಬಿ, ಬಾಯಿಗೆ ತೆಳು ಅರಿವೆ ಕಟ್ಟಿದಳು. ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ, ಒಲೆಯ ಹೊಗೆ ತಾಕುವಂತೆ ಅದನ್ನು ತೂಗುಹಾಕಲು ಅಪ್ಪನಿಗೆ ಹೇಳಿದಳು. ಅಪ್ಪ ಹಾಗೆಯೇ ತೂಗುಹಾಕಿದ.

ಆ ಮಳೆಗಾಲ ಮುಗಿಯುವವರೆಗೆ ಒಂದು ತುಂಡಿಗೂ ಬೂಸ್ಟು ಹಿಡಿಯಲಿಲ್ಲ. ಕೆಂಡದ ಮೇಲೆ ಸುಟ್ಟು, ಕುಟ್ಟಿ, ಬಿಸಿ ಜೋಳದ ರೊಟ್ಟಿಯ ಜೊತೆ ತಿಂದ ರುಚಿ ಈಗಲೂ ನಾಲಿಗೆಯಲ್ಲಿದೆ. ಯಾರೇ ಊಟಕ್ಕೆ ಬರಲಿ, “ನಮ್ಮ ಹುಡುಗಿ ತುಂಬಿಟ್ಟಿದ್ರಿ ಇದು, ತಿಂದ ನೋಡ್ರಿ” ಎಂದು ಅಪ್ಪ ಎದೆಯುಬ್ಬಿಸುತ್ತಿದ್ದ.

ನಿಮ್ಮ ಮನೆಯಲ್ಲಿ ಫ್ರಿಜ್ ಇದೆ. ಎಂದಿನವರೆಗೆ ತಿನ್ನಬಹುದೆಂದು ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ. ಒಳ್ಳೆಯದೇ ಆಯಿತು, ಆ ಆತಂಕ ನಿಮಗೆ ಬೇಡ. ಆದರೆ ನಿಮಗೂ ಈಗ ಅಕ್ಕನದೇ ವಯಸ್ಸು. ನೀವು ಹಾಲು ಕಾಯಿಸಲು ಹೋದರೂ “ಆ ಕಡೆ ಸರಿ, ಕೈ ಸುಟ್ಟೀತು!” ಎಂದು ನಾವು ದೊಡ್ಡವರು ಓಡಿ ಬರುತ್ತೇವೆ. ಅವ್ವ ಹನ್ನೆರಡು ವರ್ಷದ ಹುಡುಗಿಯ ಕೈಗೆ ಇಡೀ ಮಳೆಗಾಲವನ್ನೇ ಕೊಟ್ಟು ಹೋಗಿದ್ದಳು. ನಿಮ್ಮ ಕೈಗೆ ನಾವು ಏನು ಕೊಟ್ಟಿದ್ದೇವೆ ಎಂದು ಯೋಚಿಸಿದರೆ, ಮಕ್ಕಳೇ, ನನಗೇ ನಾಚಿಕೆಯಾಗುತ್ತದೆ.