ಮುಚ್ಚಿದ ಡ್ರಾಯರಿನೊಳಗಿನ ಚಮಚಗಳು

ಚಿತ್ರ ಮತ್ತೆ ಅಲ್ಲಿಯೇ ನಿಂತಿತು. ಗೋಡೆ ಮೂಡಿತ್ತು, ಕಿಟಕಿ ಮೂಡಿತ್ತು, ಕಿಟಕಿಯಿಂದ ಬಂದ ಬೆಳಕು ಅಡುಗೆಕಟ್ಟೆಯ ಮೇಲೆ ಒಂದು ಗೇಣು ಚಾಚಿಕೊಂಡಿತ್ತು. ಇನ್ನೇನು ಕೆಳಗಿನ ಡ್ರಾಯರುಗಳು ಕಾಣಬೇಕು ಎನ್ನುವಷ್ಟರಲ್ಲಿ ಪರದೆಯ ನಡುವೆ ಬೂದು ಬಣ್ಣದ ಚೌಕವೊಂದು ಬಂದು, ಗ್ರಾಫಿಕ್ಸ್ ಕಾರ್ಡಿನ ಮೆಮರಿ ಸಾಲದು ಎಂದು ತಿಳಿಸಿ ತೆಪ್ಪಗಾಯಿತು. ಚಿತ್ರದಣ್ಣ ಕುರ್ಚಿಗೆ ಒರಗಿದ. ಬನ್ನಿ ಬನ್ನಿ ಎಂದು ಕರೆದವರೇ ಹೊಸ್ತಿಲ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡ ಹಾಗಾಗಿತ್ತು ಅವನಿಗೆ.

ಕೆಳಗೆ ಅವನ ಅಣ್ಣನ ಮರಗೆಲಸದ ಕಾರ್ಖಾನೆ. ಅಡುಗೆಮನೆಯ ಕಪಾಟು, ಕಟ್ಟೆ, ಡ್ರಾಯರುಗಳನ್ನು ಮಾಡಿ ಮನೆಗಳಿಗೆ ಜೋಡಿಸಿಕೊಡುವುದು ಅಲ್ಲಿನ ಕಸುಬು. ಇವನೂ ಬಹುಕಾಲ ಅಲ್ಲಿಯೇ ಉಜ್ಜುಗೊರಡು ಹಿಡಿದವನು. ಹಲಗೆಯ ಮೇಲೆ ಅಂಗೈ ಆಡಿಸಿ, ಕಣ್ಣು ಮುಚ್ಚಿಕೊಂಡೇ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಹೇಳುತ್ತಿದ್ದ. ಆಮೇಲೆ ಮರದ ಧೂಳು ಎದೆಯೊಳಗೆ ಬಿಡಾರ ಹೂಡಿತು. ಧೂಳು ಬೇಕೋ ಉಸಿರು ಬೇಕೋ ನೀವೇ ಆರಿಸಿಕೊಳ್ಳಿ ಎಂದರು ಡಾಕ್ಟರು. ಅಣ್ಣ ಮಾಳಿಗೆಯ ಕೋಣೆಗೆ ಗಾಜಿನ ಬಾಗಿಲು ಹಾಕಿಸಿ, ಸಂದಿಗೆಲ್ಲ ರಬ್ಬರು ಪಟ್ಟಿ ಬಡಿಸಿ, ಒಂದು ಕಂಪ್ಯೂಟರ್ ತಂದಿಟ್ಟ. ಮರ ಕೊಯ್ಯುವ ಮೊದಲು ಗಿರಾಕಿಗಳಿಗೆ ಅವರ ಅಡುಗೆಮನೆಯ ಚಿತ್ರ ತೋರಿಸುವುದು ಇವನ ಕೆಲಸವಾಯಿತು. ಅಂದಿನಿಂದ ಅತ್ತಿಗೆಯಿಂದ ಹಿಡಿದು ಪಾಲಿಶ್ ಹಾಕುವವರ ತನಕ ಎಲ್ಲರ ಬಾಯಲ್ಲೂ ಅವನು ಚಿತ್ರದಣ್ಣ.

ಗೊರಡು ಬಿಟ್ಟರೂ ಕೈಯ ಬುದ್ಧಿ ಬಿಟ್ಟಿರಲಿಲ್ಲ. ಈ ಕೆಲಸ ಮಾಡುವ ಬೇರೆಯವರು ಕಪಾಟಿನ ಮುಖವನ್ನಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವನು ಕಪಾಟನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದ. ಮೊದಲು ಬೆನ್ನಿನ ಹಲಗೆ, ಆಮೇಲೆ ಪಕ್ಕದ್ದು, ಆಮೇಲೆ ತಳ. ಯಾವ ಹಲಗೆಯ ನಾರಿನ ಗೆರೆಯೂ ಇನ್ನೊಂದರಂತೆ ಇರುವುದಿಲ್ಲ ಎಂದು ಬಲ್ಲವನಾದ್ದರಿಂದ, ಕೆಳಗೆ ಹೋಗಿ ಒಂದೊಂದು ಹಲಗೆಯ ಫೋಟೋ ತೆಗೆದು ತಂದು ಚಿತ್ರದ ಒಂದೊಂದು ಹಲಗೆಗೂ ಅದರದೇ ನಾರು ಅಂಟಿಸುತ್ತಿದ್ದ. ಗೋಡೆಗೆ ಮುಖ ಮಾಡಿ ನಿಲ್ಲುವ ಹಲಗೆಗೂ ಕೂಡ. ಹಲಗೆ ಸೇರುವಲ್ಲೆಲ್ಲ ಸ್ಕ್ರೂ, ಸ್ಕ್ರೂವಿನ ಮೈಮೇಲೆ ಸುತ್ತುಗೆರೆ. ಕೊನೆಗೆ ಡ್ರಾಯರಿನಲ್ಲಿ ಚಮಚ, ಸೌಟು, ಜರಡಿ ಜೋಡಿಸಿಟ್ಟು, ಅದನ್ನು ಮೆಲ್ಲಗೆ ಮುಚ್ಚುತ್ತಿದ್ದ. ಗಿರಾಕಿಗೆ ಕಾಣುತ್ತಿದ್ದುದು ಮುಚ್ಚಿದ ಡ್ರಾಯರು ಮಾತ್ರ. ಆದರೆ ಒಳಗೆ ಚಮಚ ಇದೆ ಎಂಬ ನೆಮ್ಮದಿ ಇವನಿಗೆ ಬೇಕಾಗಿತ್ತು.

ಈವರೆಗೆ ಹೇಗೋ ನಡೆದಿತ್ತು. ಈಗ ಸಿಕ್ಕಿಬಿದ್ದದ್ದು ಟೀಚರಮ್ಮನ ಅಡುಗೆಮನೆಯಲ್ಲಿ.

ಟೀಚರಮ್ಮ ಶಾಲೆಯ ಕೆಲಸದಿಂದ ನಿವೃತ್ತರಾದವರು, ಒಂಟಿಯಾಗಿ ಇರುವವರು. ಹೋದ ವರ್ಷ ಮೆಟ್ಟಿಲ ಮೇಲೆ ಜಾರಿದವರು ಮತ್ತೆ ಎದ್ದು ನಿಲ್ಲಲಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಅವರ ಅಡುಗೆಕಟ್ಟೆ ನಿಂತವರ ಎತ್ತರದ್ದು. ಅಡುಗೆಗೆ ಬರುವ ಹೆಂಗಸು ಒಳಗೆ ಬೇಯಿಸುತ್ತಿದ್ದರೆ ಇವರು ಬಾಗಿಲಲ್ಲಿ ಕೂತು, ತಮ್ಮ ಪಾತ್ರೆಗಳು ಬೇರೆಯವರ ಕೈಯಲ್ಲಿ ಸದ್ದು ಮಾಡುವುದನ್ನು ಕೇಳುತ್ತಿದ್ದರು. ಬೇರೆ ಊರಿನಲ್ಲಿರುವ ಮಗಳು ತನ್ನ ಮನೆಯಲ್ಲಿ ಅಮ್ಮನಿಗೊಂದು ಕೋಣೆ ಸಿದ್ಧ ಮಾಡಿಟ್ಟಿದ್ದಳು. ಭಾನುವಾರ ಕರೆದೊಯ್ಯಲು ಬರುವವಳಿದ್ದಳು.

ಅಳತೆ ತೆಗೆಯಲು ಹೋದ ದಿನ ಟೀಚರಮ್ಮ ಮುಚ್ಚುಮರೆ ಮಾಡಲಿಲ್ಲ. "ನನಗೆ ಅಳತೆ ಗಿಳತೆ ತಿಳಿಯಲ್ಲಪ್ಪ," ಎಂದರು. "ಆ ಅಡುಗೆಮನೆಯಲ್ಲಿ ನಾನು ಕೆಲಸ ಮಾಡೋದು ನನ್ನ ಕಣ್ಣಿಗೆ ಕಾಣಬೇಕು. ಕಂಡ್ರೆ ಇಲ್ಲೇ ಇರ್ತೀನಿ. ಕಾಣದಿದ್ರೆ ಬಟ್ಟೆ ತುಂಬಿಕೊಂಡು ಮಗಳ ಜೊತೆ ಹೊರಟುಬಿಡ್ತೀನಿ."

ಈ ಮಾತು ಅವನ ಹೆಗಲೇರಿ ಕೂತಿತು. ಅಡುಗೆಮನೆಯ ಮೂರೂ ಗೋಡೆಯನ್ನು, ಎಂದಿಗಿಂತ ಹೆಚ್ಚು ಅಕ್ಕರೆಯಿಂದ, ಒಂದು ಸ್ಕ್ರೂವನ್ನೂ ಬಿಡದೆ ಕಟ್ಟಿದ. ಕಟ್ಟೆಯನ್ನು ತಗ್ಗಿಸಿ, ಅದರಡಿ ಮೊಣಕಾಲು ತೂರಿಸಲು ಜಾಗ ಬಿಟ್ಟು, ಎರಡೂ ಪಕ್ಕ ಡ್ರಾಯರು ಇಟ್ಟ. ಕಟ್ಟಿದ್ದೇನೋ ಆಯಿತು, ಚಿತ್ರ ಮಾತ್ರ ಮೂಡಲೊಲ್ಲದು.

ಕಂಪ್ಯೂಟರ್ ಅಂಗಡಿಯಾತ ಎರಡು ಕಾರ್ಡು ತೆಗೆದು ಗಾಜಿನ ಮೇಜಿನ ಮೇಲಿಟ್ಟ. ಒಂದೇ ಹೆಸರು, ಒಂದೇ ಫ್ಯಾನು, ಒಂದೇ ವೇಗ. ಅವಳಿಜವಳಿಯ ಹಾಗಿದ್ದವು. ಒಂದರಲ್ಲಿ ಎಂಟು ಜಿಬಿ ಮೆಮರಿ, ಇವನ ಹಳೆಯ ಕಾರ್ಡಿನಲ್ಲಿ ಇದ್ದಷ್ಟೇ, ಇನ್ನೊಂದರಲ್ಲಿ ಹದಿನಾರು. ಬೆಲೆಯಲ್ಲಿ ಮಾತ್ರ ಅವಳಿಗಳಾಗಿರಲಿಲ್ಲ. ಹದಿನಾರರದ್ದು ಬೇಗ ಓಡುತ್ತದೆಯೇ ಎಂದು ಚಿತ್ರದಣ್ಣ ಕೇಳಿದ. ಇಲ್ಲ ಎಂದ ಅಂಗಡಿಯಾತ. ಚಿತ್ರ ಚೆನ್ನಾಗಿ ಬರುತ್ತದೆಯೇ? ಅದೂ ಇಲ್ಲ. ಮತ್ತೆ ಯಾಕೆ ತಗೊಳ್ಳಬೇಕು?

"ನಿಮ್ಮ ಕೆಲಸ ಎಂಟರಲ್ಲಿ ಹಿಡಿಸಿದ್ರೆ ಮಿಕ್ಕ ಎಂಟು ದಂಡ," ಎಂದ ಅಂಗಡಿಯಾತ. "ಹಿಡಿಸದಿದ್ರೆ ಇರೋ ಎಂಟೂ ದಂಡ."

ಈ ಮಾತನ್ನು ಚಿತ್ರದಣ್ಣ ದಾರಿಯುದ್ದಕ್ಕೂ ತಿರುಗಿಸಿ ಮುರುಗಿಸಿ ನೋಡಿದ. ಹಿಡಿಸುವುದಿಲ್ಲ ಎಂದು ಪರದೆಯೇ ಹೇಳುತ್ತಿತ್ತು. ಆದರೆ ಹಿಡಿಸಲೇಬೇಕಾದದ್ದು ಎಷ್ಟು ಎಂದು ಹೇಳುವವರು ಯಾರೂ ಇರಲಿಲ್ಲ. ಯೂಟ್ಯೂಬಿನಲ್ಲಿ ಒಬ್ಬ, ಹೆಚ್ಚು ಮೆಮರಿ ಅಂದರೆ ಬರೀ ಮರುಳು ಮಾಡುವ ಆಟ ಎಂದ. ಅದರ ಕೆಳಗಿದ್ದ ವಿಡಿಯೋದಲ್ಲಿ ಇನ್ನೊಬ್ಬ, ಎಂಟು ಕೊಂಡವರೆಲ್ಲ ನಾಳೆ ಅಳುತ್ತೀರಿ ಎಂದ. ಇಬ್ಬರೂ ತೋರಿಸಿದ್ದು ಆಟದಲ್ಲಿ ಕಾರು ಓಡಿಸುವುದನ್ನು. ಡ್ರಾಯರಿನ ಸುದ್ದಿ ಯಾರೂ ಎತ್ತಲಿಲ್ಲ. ಮದುವೆಗಳ ವಿಡಿಯೋ ಮಾಡುವ ಗೆಳೆಯನಿಗೆ ಫೋನ್ ಮಾಡಿದರೆ, ಯಾವಾಗಲೂ ದೊಡ್ಡದನ್ನೇ ತಗೋ, ಆಮೇಲೆ ಯೋಚನೆ ಮಾಡು ಎಂದ. ಆ ಗೆಳೆಯ ಚಪ್ಪಲಿಯನ್ನೂ ಹಾಗೆಯೇ ಕೊಳ್ಳುವವನಾದ್ದರಿಂದ ಅವನ ಮಾತನ್ನು ಎಷ್ಟು ನಂಬಬೇಕೋ ತಿಳಿಯಲಿಲ್ಲ.

ಊಟದ ಹೊತ್ತಿಗೆ ಅಣ್ಣನ ಮುಂದೆ ವಿಷಯ ಇಟ್ಟ. ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೇಳಿದ: "ಬೆಂಚು ಉದ್ದ ಆದ್ರೆ ಗೊರಡು ಬೇಗ ಓಡುತ್ತೇನೋ?"

"ಇಲ್ಲ. ಆದ್ರೆ ಬೆಂಚಿಗಿಂತ ಬಾಗಿಲು ದೊಡ್ಡದಾದ್ರೆ ಉಜ್ಜೋಕೇ ಆಗಲ್ಲವಲ್ಲ ಅಣ್ಣ."

"ಹಾಗಾದ್ರೆ ಬೆಂಚು ತಗೋ."

"ಬಾಗಿಲು ಅಷ್ಟು ದೊಡ್ಡದಿರಬೇಕಾ ಅಂತಾನೇ ಗೊತ್ತಾಗ್ತಿಲ್ಲ."

ಅತ್ತಿಗೆ ನೀರಿನ ಲೋಟ ಮುಂದಿಟ್ಟು, "ಇವರಿಬ್ಬರೂ ಮಾತಾಡಿ ಮುಗಿಸೋ ಹೊತ್ತಿಗೆ ಟೀಚರಮ್ಮ ಮಗಳ ಮನೆಯಲ್ಲಿ ಉಂಡು ಮಲಗಿರ್ತಾರೆ," ಎಂದಳು. ಚಿತ್ರದಣ್ಣನಿಗೂ ನಗು ಬಂತು, ಆದರೆ ಭಾನುವಾರಕ್ಕೆ ಇನ್ನೆಷ್ಟು ದಿನ ಎಂದು ಎಡಗೈಯ ಬೆರಳು ಮಡಿಸಿ ಎಣಿಸಿದ.

ಮರುದಿನ ಅಂಗಡಿಯಾತನೇ ಹದಿನಾರರ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಬಂದ. ಹಾಕಿ ನೋಡಿ, ಬೇಡವಾದರೆ ವಾರದ ಕೊನೆಗೆ ವಾಪಸ್ ಕೊಡಿ ಎಂದ. ಕಾರ್ಡು ಕೂತಿತು, ಚಿತ್ರ ಮೊದಲಿನಿಂದ ಕೊನೆಯ ತನಕ, ಆತುರವಿಲ್ಲದೆ, ಪೂರ್ತಿ ಮೂಡಿತು. ಚಿತ್ರದಣ್ಣನ ಎದೆ ಹಗುರಾಯಿತು. ಇದೇ ಸರಿ, ಇನ್ನು ಮಾತಿಲ್ಲ ಎಂದುಕೊಂಡ. ಅಷ್ಟರಲ್ಲಿ ಅಂಗಡಿಯಾತ ಮೌಸು ಹಿಡಿದು, ಕಂಪ್ಯೂಟರಿನೊಳಗೆ ಕಟ್ಟಿದ್ದ ಅಡುಗೆಮನೆಯ ಒಳಹೊಕ್ಕ. ಕಪಾಟಿನ ಬಾಗಿಲು ದಾಟಿದ, ಡ್ರಾಯರಿನ ಮುಖ ದಾಟಿದ, ಹಾಗೆಯೇ ನಿಂತುಬಿಟ್ಟ.

"ಅಣ್ಣ, ಮುಚ್ಚಿದ ಡ್ರಾಯರ್ ಒಳಗೆ ಚಮಚ ಇದೆ."

"ಹೌದು. ಅದು ಚಮಚದ ಡ್ರಾಯರು."

"ಸ್ಕ್ರೂವಿಗೆ ಸುತ್ತುಗೆರೆ ಬೇರೆ. ಮರದ ಒಳಗಿರೋ ಸ್ಕ್ರೂ ಯಾರಿಗೆ ಕಾಣುತ್ತೆ?"

"ಕಾಣದಿದ್ರೆ ಬೇಡವಾ? ಸ್ಕ್ರೂ ಇಲ್ಲದೆ ಬಾಗಿಲು ಹೇಗೆ ನಿಲ್ಲುತ್ತೆ?"

ಅಂಗಡಿಯಾತ ನಗಲಿಲ್ಲ. ಮೆತ್ತಗೆ ಹೇಳಿದ: "ಚಿತ್ರದಲ್ಲಿ ಬಾಗಿಲು ಬೀಳಲ್ಲ ಅಣ್ಣ."

ಸ್ಕ್ರೂ ಇಲ್ಲದ ಬಾಗಿಲು ಬೀಳುತ್ತದೆ ಎಂಬುದು ಚಿತ್ರದಣ್ಣನ ಮಟ್ಟಿಗೆ ಸೂರ್ಯ ಹುಟ್ಟುವಷ್ಟೇ ಖಂಡಿತವಾದ ಮಾತಾಗಿತ್ತು. ಅದು ಬೀಳದ ಜಾಗವೊಂದರಲ್ಲಿ ತಾನು ಇಷ್ಟು ಕಾಲ ಕೂತಿದ್ದೇನೆ ಎಂದು ಹೊಳೆದೇ ಇರಲಿಲ್ಲ. ಅಂಗಡಿಯಾತ ಬೇಸರ ಮಾಡಿಕೊಳ್ಳದೆ ತೋರಿಸಿಕೊಟ್ಟ. ಸ್ಕ್ರೂ ತೆಗೆದ, ಬೆನ್ನಿನ ಹಲಗೆಗಳಿಗೆ ಅಂಟಿಸಿದ್ದ ಫೋಟೋ ಅಳಿಸಿದ, ಚಮಚ ಸೌಟು ಜರಡಿ ಎಲ್ಲ ತೆಗೆದ. ಹಳೆಯ ಕಾರ್ಡನ್ನೇ ಮತ್ತೆ ಸಿಕ್ಕಿಸಿ ಓಡಿಸಿದ. ಚಿತ್ರ ಪೂರ್ತಿ ಬಂತು. ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಂಡು, ದೊಡ್ಡ ಕಾರ್ಡು ಇರಲಿ ಬಿಡಿ, ಯೋಚನೆ ಮಾಡಿ ಹೇಳಿ ಎಂದು ಮೆಟ್ಟಿಲಿಳಿದ.

ಎರಡೂ ಚಿತ್ರಗಳನ್ನು ಕಾಗದಕ್ಕೆ ಇಳಿಸಿ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂತ ಚಿತ್ರದಣ್ಣ. ಒಂದು ತುಂಬಿದ ಅಡುಗೆಮನೆ, ಇನ್ನೊಂದು ಟೊಳ್ಳು. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿಲ್ಲ ಎಂದಾದರೆ ಕಾರ್ಡು ವಾಪಸ್ ಮಾಡಬೇಕು. ಆದರೆ ಟೊಳ್ಳು ಚಿತ್ರವನ್ನು ನೋಡಿದಾಗಲೆಲ್ಲ ಟೀಚರಮ್ಮನಿಗೆ ಸುಳ್ಳು ಹೇಳುತ್ತಿದ್ದೇನೆ ಅನಿಸುತ್ತಿತ್ತು. ಹಾಗೆಂದು ದೊಡ್ಡ ಕಾರ್ಡು ಕೊಂಡರೆ, ಯಾರೂ ನೋಡದ ಚಮಚಗಳಿಗಾಗಿ ಅಣ್ಣನ ಕೈಯಿಂದ ಖರ್ಚು ಮಾಡಿಸಿದ ಹಾಗೆ. ಯೋಚಿಸಿ ಯೋಚಿಸಿ ತಲೆ ಕೆಟ್ಟು ಹೋಯಿತು. ಕಡೆಗೆ ಎರಡನ್ನೂ ಒಂದೇ ಲಕೋಟೆಗೆ ಹಾಕಿಕೊಂಡು ಟೀಚರಮ್ಮನ ಮನೆಗೆ ನಡೆದ.

ಅವರು ಕನ್ನಡಕ ಏರಿಸಿ, ಚಿತ್ರಗಳನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಯಾವುದು ತುಂಬಿದ್ದು, ಯಾವುದು ಟೊಳ್ಳು ಎಂದು ಅವನು ಹೇಳಿರಲಿಲ್ಲ. ಅವರೂ ಕೇಳಲಿಲ್ಲ.

"ಚೆನ್ನಾಗಿದೆ," ಎಂದರು ಕೊನೆಗೆ. ಚೆನ್ನಾಗಿಲ್ಲ ಎನ್ನುವ ದನಿಯಲ್ಲಿ.

"ಏನು ಸರಿಯಿಲ್ಲ ಹೇಳಿ ಟೀಚರಮ್ಮ."

"ಇದನ್ನ ನೋಡ್ತಿರೋದು ಯಾರು?"

ಅವನಿಗೆ ಅರ್ಥವಾಗಲಿಲ್ಲ. ಟೀಚರಮ್ಮ ಕೈ ಸನ್ನೆ ಮಾಡಿ ಅವನನ್ನು ಹತ್ತಿರ ಕರೆದು, ತಮ್ಮ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂರಿಸಿದರು. ಅವನ ಕಣ್ಣು ಅವರ ಕಣ್ಣಿನ ಮಟ್ಟಕ್ಕೆ ಇಳಿಯಿತು. "ಈಗ ನೋಡು," ಎಂದರು, ಹಳೆಯ ಅಡುಗೆಮನೆಯ ಕಡೆ ಬೆರಳು ಮಾಡಿ.

ಕಟ್ಟೆಯ ಮೇಲಿನದೇನೂ ಕಾಣಲಿಲ್ಲ. ಕಂಡದ್ದು ಕಟ್ಟೆಯ ಅಡಿ. ಮೇಲಿನ ಕಪಾಟುಗಳ ತಳ, ಅಲ್ಲಿ ಬಣ್ಣ ಬಳಿಯದೆ ಬಿಟ್ಟ ಹಲಗೆ, ಸಿಂಕಿನ ಕೆಳಗಿನ ಕೊಳವೆ, ಅರ್ಧ ತೆರೆದ ಡ್ರಾಯರೊಂದರ ಹೊಟ್ಟೆ. ಅಳತೆ ತೆಗೆಯುವಾಗ ಅವನು ಈ ಕೋಣೆಯ ಮೂಲೆಮೂಲೆಯನ್ನೂ ಮುಟ್ಟಿದ್ದ. ಆದರೂ ಈ ಕೋಣೆಯನ್ನು ನೋಡಿರಲಿಲ್ಲ. ಬಡಗಿ ತನ್ನ ಕೆಲಸವನ್ನು ಎದ್ದು ನಿಂತು, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾನೆ. ಚಿತ್ರದೊಳಗಿನ ಕ್ಯಾಮೆರಾವನ್ನೂ ಅವನು ಅಲ್ಲಿಯೇ, ತನ್ನ ಕಣ್ಣಿನ ಎತ್ತರದಲ್ಲಿಯೇ, ಏನೂ ಯೋಚಿಸದೆ ನಿಲ್ಲಿಸಿದ್ದ.

"ನೀನು ತಂದದ್ದು ನಿನ್ನ ಅಡುಗೆಮನೆ," ಎಂದರು ಟೀಚರಮ್ಮ. "ಅದೂ ಅಲ್ದೆ, ಅಡುಗೆ ಮಾಡೋವಾಗ ಯಾರೂ ಎಲ್ಲಾನೂ ಮುಚ್ಚಿಟ್ಟುಕೊಂಡು ಮಾಡಲ್ಲಪ್ಪ. ನನ್ನ ಕೈಗೆ ಏನು ಸಿಗುತ್ತೆ ಅಂತ ನನಗೆ ಕಾಣಬೇಕು."

ಅವನು ಹೇಗೆ ಮಾಳಿಗೆಯ ಕೋಣೆ ಸೇರಿದನೋ. ಕಂಪ್ಯೂಟರಿನ ಮುಂದೆ ಕೂತು ಕ್ಯಾಮೆರಾವನ್ನು ಗಾಲಿಕುರ್ಚಿಯ ಎತ್ತರಕ್ಕೆ ಇಳಿಸಿದ. ಕೆಳಗಿನ ಡ್ರಾಯರುಗಳನ್ನೆಲ್ಲ ತೆರೆದ. ಟೊಳ್ಳು ಅಡುಗೆಮನೆ ಅದರ ಟೊಳ್ಳನ್ನೆಲ್ಲ ತೋರಿಸಿಕೊಂಡು ನಿಂತಿತು. ಚಮಚ, ಸೌಟು, ಡಬ್ಬಿಗಳು ಒಂದೊಂದಾಗಿ ಮರಳಿ ಬಂದವು. ಕಟ್ಟೆಯ ಅಡಿಯ ಹಲಗೆಗೆ ಅದರ ನಾರು ಬಂತು, ಸ್ಕ್ರೂಗಳು ಬಂದವು. ಇಲ್ಲಿಂದ ನೋಡಿದರೆ ಅವುಗಳ ತಲೆಗಳು ಕಾಣುತ್ತಿದ್ದವು. ಆದರೆ ಮೇಲಿನ ಕಪಾಟುಗಳ ಒಳಗೆ ಇಡಬೇಕಾದದ್ದನ್ನು ಇಡಲಿಲ್ಲ. ಅಲ್ಲಿಗೆ ಅವರ ಕೈ ತಲುಪುವುದಿಲ್ಲ. ಸುತ್ತುಗೆರೆಗಳನ್ನೂ ಬಿಟ್ಟ. ಬಿಡುವಾಗ, ಎಷ್ಟೋ ಕಾಲದ ಪರಿಚಿತರನ್ನು ಬೀದಿಯಲ್ಲಿ ಕಂಡೂ ಕಾಣದವನಂತೆ ಹೋದ ಹಾಗಾಯಿತು.

ಹಳೆಯ ಕಾರ್ಡು ಅರ್ಧ ದಾರಿ ಬಂದು ಕೈಚೆಲ್ಲಿತು. ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ! ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೇಜಿನ ಮೇಲಿದ್ದ ದೊಡ್ಡ ಕಾರ್ಡನ್ನು ಎತ್ತಿ ತಾನೇ ಸಿಕ್ಕಿಸಿದ. ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿದು ಬಂತು, ಮೊದಲು ಕಪಾಟಿನ ತಳ, ಆಮೇಲೆ ಕಟ್ಟೆಯ ಅಂಚು, ಆಮೇಲೆ ತೆರೆದ ಡ್ರಾಯರಿನಲ್ಲಿ ಕಿಟಕಿಯ ಬೆಳಕು ಹಿಡಿದ ಒಂದು ಚಮಚ.

ಈ ಸಲ ಟೀಚರಮ್ಮ ಕನ್ನಡಕವನ್ನು ಏರಿಸಲಿಲ್ಲ, ಇಳಿಸಲಿಲ್ಲ. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯನ್ನು ಗಾಳಿಯಲ್ಲಿ ಚಾಚಿ ಇಲ್ಲದ ಡ್ರಾಯರಿನಿಂದ ಏನನ್ನೋ ಎತ್ತಿಕೊಂಡರು, ಎಡಕ್ಕೆ ಇಟ್ಟರು. ಮತ್ತೊಂದನ್ನು ಎತ್ತಿಕೊಂಡರು. ಆಮೇಲೆ ಅವರ ಕೈ ಚಿತ್ರದಲ್ಲಿನ ಕಟ್ಟೆಯ ಅಡಿಯಲ್ಲಿ ಒಂದು ಕಡೆ ನಿಂತಿತು.

"ಈ ಸ್ಕ್ರೂ ನನ್ನ ಮೊಣಕಾಲಿಗೆ ತಾಗುತ್ತೆ."

ಅವನು ಬಗ್ಗಿ ನೋಡಿದ. ತಾಗುತ್ತಿತ್ತು. ತನ್ನ ಕೈಯಾರೆ ಇಟ್ಟ ಸ್ಕ್ರೂ. "ಅದನ್ನ ಹಿಂದಿನ ಪಟ್ಟಿಗೆ ಹಾಕಿಸ್ತೀನಿ," ಎಂದ.

"ಹಾಕಿಸು." ಚಿತ್ರವನ್ನು ಎದೆಗೊತ್ತಿ ಹಿಡಿದುಕೊಂಡು ಟೀಚರಮ್ಮ ಕುರ್ಚಿಯ ಗಾಲಿ ತಿರುಗಿಸಿದರು. "ಹಾಗಾದ್ರೆ ಮಗಳಿಗೆ ಫೋನ್ ಮಾಡ್ತೀನಿ. ಭಾನುವಾರ ಬರಲಿ. ಊಟಕ್ಕೆ ಬರಲಿ, ಕರ್ಕೊಂಡು ಹೋಗೋಕಲ್ಲ."

ವಾರದ ಕೊನೆಗೆ ಅಂಗಡಿಯಾತ ಬಂದಾಗ ಚಿತ್ರದಣ್ಣ, ದೊಡ್ಡದು ಇರಲಿ ಎಂದ. ಅಣ್ಣ ಕೆಳಗಿನಿಂದ ಮೈಮೇಲಿನ ಹೊಟ್ಟು ಕೊಡವಿಕೊಂಡು ಮೇಲೆ ಬಂದಿದ್ದ. ಗಾಜಿನ ಬಾಗಿಲಿನ ಹೊರಗೇ ನಿಂತು ಕೇಳಿದ: "ಅಂದ್ರೆ ಬೇಕಾಗಿತ್ತು ಅಂತಾಯ್ತಲ್ಲ?"

ಚಿತ್ರದಣ್ಣ ಉತ್ತರ ಹುಡುಕಿದ. ಮರದೊಳಗೆ ಅಡಗಿದ ಸ್ಕ್ರೂಗಳಿಗೆ ಬೇಕಾಗಿರಲಿಲ್ಲ, ಮುಚ್ಚಿದ ಡ್ರಾಯರಿಗೆ ಬೇಕಾಗಿರಲಿಲ್ಲ. ಟೀಚರಮ್ಮನಿಗೆ ಬೇಕಾಯಿತು. ನಾಳೆ ಬರುವ ಗಿರಾಕಿ ನಿಂತು ಅಡುಗೆ ಮಾಡುವವರಾದರೆ ಮತ್ತೆ ಬೇಕಾಗಲಿಕ್ಕಿಲ್ಲ. ಅಥವಾ ಅವರೂ ಇನ್ನೆಲ್ಲಿಂದಲೋ ನೋಡುವವರಾಗಿರಬಹುದು.

"ಗೊತ್ತಿಲ್ಲ ಅಣ್ಣ," ಎಂದ. "ಅವರು ಯಾರು ಅಂತ ಮೊದಲು ನೋಡಬೇಕು."

ಅಣ್ಣ ಒಮ್ಮೆ ಅವನನ್ನು, ಒಮ್ಮೆ ಅಂಗಡಿಯಾತನನ್ನು ನೋಡಿ, ಏನೂ ತಿಳಿಯದೆ ತಲೆಯಾಡಿಸಿ ಕೆಳಗಿಳಿದ. ಗರಗಸ ಮತ್ತೆ ಸದ್ದು ಮಾಡತೊಡಗಿತು. ಟೀಚರಮ್ಮನ ಕಟ್ಟೆಯ ಹಲಗೆ ಕೊಯ್ಯುತ್ತಿದ್ದರು. ಚಿತ್ರದಣ್ಣ ಕುರ್ಚಿಯಿಂದ ಎದ್ದು, ಗಾಜಿನ ಈಚೆ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಟೀಚರಮ್ಮನ ಕಣ್ಣಿನ ಮಟ್ಟದಿಂದ ಆ ಹಲಗೆಯನ್ನು ನೋಡಿದ.