ಕಡೆಯ ಹಾಳೆಯನ್ನಷ್ಟೇ ಓದಿದವನು

ಇದನ್ನು ಹೇಳದೆ ಮೂವತ್ತು ವರ್ಷ ಮುಂದೂಡಿದೆ. ಇಂದು ಬಸವಕಲ್ಯಾಣದಿಂದ ಬಂದು ಹುಮನಾಬಾದ ಬಸ್‌ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು ಚರ್ಚಿನ ಭಾನುವಾರದ ಪಾಠದ ಬಗ್ಗೆ ಮಾತಾಡುತ್ತಿದ್ದರು. ಇಸ್ರಾಯೇಲ್ಯರ ಗೋತ್ರಗಳಿಗೆ ಭೂಮಿ ಹಂಚುವಾಗ, ಗಂಡುಮಕ್ಕಳಿಲ್ಲದೆ ಸತ್ತವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲು ಪಡೆದ ಕಥೆ.

“ಕುಲದಾಗೇ ಲಗ್ನ ಆಗಬೇಕು ಅಂತ ಭೀ ಹೇಳ್ಯಾರಲ್ಲ?” ಎಂದಳು ಒಬ್ಬಳು.

“ಅದು ಆಮ್ಯಾಗಿನ ಮಾತವ್ವಾ. ಮೊದಲ ಹೊಲ ಕೊಟ್ರು. ನಮ್ಮ ಗಂಡಸರು ಕಡೀ ಹಾಳಿ ಅಷ್ಟೇ ಓದ್ತಾರ. ಹೌದಲ್ರೀ ಕಾಕಾ?” ಎಂದು ಇನ್ನೊಬ್ಬಳು ನನ್ನತ್ತ ನಕ್ಕಳು.

ಕಪ್ಪನ್ನು ಬೆಂಚಿನ ಮೇಲೆ ಕುಕ್ಕಿದೆ. ಸಿಟ್ಟು ಅವಳ ಮೇಲಲ್ಲ. ಗಂಡುಮಕ್ಕಳಿಲ್ಲದ ನನ್ನ ಚಿಕ್ಕಪ್ಪ ಸತ್ತಾಗ ನಾನೂ ಆ ಕಡೆಯ ಹಾಳೆಯನ್ನಷ್ಟೇ ಓದಿದ್ದೆ. “ಕುಲದ ಹೊರಗಿನವನ್ನ ಲಗ್ನ ಮಾಡ್ಕೊಂಡಿ. ಹೊಲ ಕುಲದಾಗೇ ಇರಬೇಕು, ದೇವರ ಮಾತದು” ಎಂದು ಹೆದರಿಸಿ, ಅವರ ಒಬ್ಬಳೇ ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಓದುಬಾರದ ಅವಳು ನಂಬಿ ಒತ್ತಿದಳು. ಇಂಥ ಹರಾಮಿ ಕೆಲಸಕ್ಕೆ ದೇವರ ಹೆಸರೇ ಬೇಕಿತ್ತೇ ನನಗೆ?

ಅವಳು ಈಗಲೂ ಇರುವ ಮನ್ನಾಏಖೇಳ್ಳಿಯ ಬಸ್ಸು ಬಂತು. ಹತ್ತಿದೆ.

“ಎಲ್ಲಿಗ್ರಿ ಅಜ್ಜಾ?” ಎಂದ ಕಂಡಕ್ಟರ್.

ಊರಿನ ಹೆಸರಿನ ಬದಲು ಬಾಯಿಗೆ ಅವಳ ಹೆಸರು ಬಂತು. “ಸುವಾರ್ತಮ್ಮ” ಎಂದೆ.